ಮೂರು ಕೊಟೇಶನ್, ಮೂರು ಬೇರೆ ಬೇರೆ ಕೆಲಸ

ಮುಂದಿನ ಸೂರಿನ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡುವ ಯೋಚನೆ ನನ್ನದಲ್ಲ, ನನ್ನ ತಮ್ಮನದು. ಅವನು ಕೆಳಗೆ ಏಣಿ ಹಿಡಿದುಕೊಂಡು, "ಅಕ್ಕಾ, ಬಣ್ಣ ನೋಡಿ ಮೋಸ ಹೋಗಬೇಡ, ಚುಚ್ಚು" ಅಂದ. ಬಣ್ಣ ಚೆನ್ನಾಗಿಯೇ ಇತ್ತು. ಚುಚ್ಚಿದೆ. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ತುದಿಗೆ ನಶ್ಯದ ಬಣ್ಣದ ಒದ್ದೆ ಹುಡಿ ಮೆತ್ತಿಕೊಂಡಿತ್ತು. ಒಂದು ಮೀಟರ್ ಆಚೆ ಚುಚ್ಚಿದರೆ ಗಟ್ಟಿ ಮರ. ಇನ್ನೊಂದು ಮೀಟರ್ ಆಚೆ ಮತ್ತೆ ಹುಡಿ. ಹುಡಿಯಾದ ಜಾಗಗಳೆಲ್ಲ ಮಾಡಿನಂಚಿನ ಮಳೆನೀರು ಹಿಡಿಯುವ ಗಟರಿನ ಜಾಯಿಂಟುಗಳ ಹಿಂದೆಯೇ ಇದ್ದವು ಅನ್ನುವುದು ಕೆಳಗಿಳಿದು ಚಿತ್ರ ಬರೆದಾಗ ಗೊತ್ತಾಯಿತು.

ಹೆಂಚಿನ ಮಾಡಿನ ಮನೆ ಇರುವವರಿಗೆ ಇದು ಗೊತ್ತಿರುತ್ತದೆ, ಉಳಿದವರಿಗಾಗಿ ಒಂದು ಮಾತು. ಪಕಾಸಿಗಳ (ಹೆಂಚು ಹೊರುವ ಇಳಿಜಾರಿನ ಮರಗಳ) ತುದಿಯನ್ನು ಮುಚ್ಚಲು ಉದ್ದಕ್ಕೆ ಹೊಡೆಯುವ ಹಲಗೆಗೆ ಫೇಸಿಯಾ ಅನ್ನುತ್ತಾರೆ. ಅದರ ಕೆಳಗೆ, ಗೋಡೆಗೂ ಆ ಹಲಗೆಗೂ ನಡುವೆ ಅಡ್ಡಲಾಗಿ ಮುಚ್ಚುವುದು ಸಾಫಿಟ್. ಮಳೆನೀರಿನ ಗಟರ್ ನೇತಾಡುವುದು ಫೇಸಿಯಾ ಮೇಲೆ. ಹಾಗಾಗಿ ಗಟರ್ ಸೋರಿದರೆ ಹಲಗೆ ಕೊಳೆಯುತ್ತದೆ, ಹಲಗೆ ಕೊಳೆತರೆ ಮೊಳೆ ಸಡಿಲವಾಗುತ್ತದೆ, ಮೊಳೆ ಸಡಿಲವಾದರೆ ಗಟರ್ ಬಾಗಿ ಇನ್ನಷ್ಟು ಸೋರುತ್ತದೆ. ನಮ್ಮ ಅತ್ತೆ ಎರಡು ಮಳೆಗಾಲದಿಂದ "ದೋಣಿ ಬಾಗಿದೆ" ಅಂತ ಹೇಳುತ್ತಲೇ ಇದ್ದರು, ಗಟರಿಗೆ ಅವರು ದೋಣಿ ಅನ್ನುವುದು. ಅವರ ಕಣ್ಣು ಮಂಜಾಗಿದೆ ಅಂತ ನಾವು ಸುಮ್ಮನಿದ್ದೆವು.

ಮೂವರನ್ನು ಕರೆಸಿದೆ.

ಮೊದಲನೆಯವರು ಗೇಟಿನ ಹತ್ತಿರವೇ ನಿಂತು ತಲೆ ಎತ್ತಿ ನೋಡಿದರು, ಹೆಜ್ಜೆಯಲ್ಲಿ ಉದ್ದ ಅಳೆದರು, ಚೀಟಿಯ ಹಿಂದೆ ಒಂದು ಮೊತ್ತ ಬರೆದು ಕೊಟ್ಟರು. "ಗಟರ್ ಮತ್ತು ಹಲಗೆ ಹೊಸದು, ಪೂರ್ತಿ" ಅಂತ ಒಂದೇ ಸಾಲು. ಎರಡನೆಯವರು ಬಂದವರೇ "ಮೇಡಂ, ಯಜಮಾನರು ಇಲ್ವಾ?" ಅಂದರು. ಇಲ್ಲ, ನಾನೇ ಮಾತಾಡುವುದು ಅಂದ ಮೇಲೆ ದೊಡ್ಡ ಆಲ್ಬಂ ತೆಗೆದು ಒಂದು ಗಂಟೆ ಕೂತರು. ಮೂರನೆಯವರು ಜಾಸ್ತಿ ಮಾತಾಡಲಿಲ್ಲ. ಸ್ವಂತ ಏಣಿ ತಂದಿದ್ದರು. ಹತ್ತಿ, ಹೆಂಚಿನ ಕೊನೇ ಸಾಲಿನಲ್ಲಿ ಎರಡು ಹೆಂಚು ಎತ್ತಿ, ಟಾರ್ಚ್ ಹಾಕಿ ಒಳಗೆ ನೋಡಿ, ಫೋಟೋ ತೆಗೆದುಕೊಂಡು ಇಳಿದರು. ದರ ಎರಡು ದಿನ ಬಿಟ್ಟು ಕಳಿಸಿದರು.

ಮೊದಲನೆಯವರ ದರ ನೂರು ಅಂತ ಇಟ್ಟುಕೊಂಡರೆ ಎರಡನೆಯವರದು 165, ಮೂರನೆಯವರದು 140. ಮನೆಯಲ್ಲಿ ಎಲ್ಲರೂ ಮೊದಲನೆಯದಕ್ಕೆ ಬೆರಳು ತೋರಿಸಿದರು. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಒಂದೇ ಕೆಲಸಕ್ಕೆ ಇಷ್ಟು ಅಂತರ ಬಂದರೆ ಎಲ್ಲೋ ಒಂದು ಕಲಂ ಬಿಟ್ಟುಹೋಗಿದೆ ಅನ್ನಿಸುತ್ತದೆ. ಮೂವರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಹಳೇ ಹಲಗೆ ಏನು ಮಾಡ್ತೀರಿ?"

ಮೊದಲನೆಯವರು "ಅದನ್ಯಾಕೆ ತೆಗೀಬೇಕಮ್ಮ, ಅದರ ಮೇಲೇ ಹೊಸ ಪಿವಿಸಿ ಹಲಗೆ ಕೂರಿಸ್ತೀವಿ, ಗೊತ್ತೇ ಆಗಲ್ಲ" ಅಂದರು. ಅದೇ ಕೀಲಿಕೈ. ಅವರು "ಹೊಸದು" ಅಂದದ್ದು ಒಂದು ಸೆಂಟಿಮೀಟರ್ ದಪ್ಪವೂ ಇಲ್ಲದ ಹೊದಿಕೆ ಹಲಗೆಗೆ. ಕೆಳಗಿನ ಮರ ಗಟ್ಟಿಯಿದ್ದರೆ ಹೊದಿಕೆ ಹಾಕುವುದರಲ್ಲಿ ತಪ್ಪೇನಿಲ್ಲ, ಖರ್ಚೂ ಉಳಿಯುತ್ತದೆ. ಆದರೆ ಸ್ಕ್ರೂಡ್ರೈವರ್ ಹಿಡಿವರೆಗೆ ಹೋಗುವ ಮರದ ಮೇಲೆ ಹೊದಿಸಿದರೆ ಒದ್ದೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ. ಹೊಸ ಮೊಳೆ ಹಿಡಿಯುವುದಕ್ಕೂ ಅಲ್ಲಿ ಏನಿಲ್ಲ. ಮೂರನೆಯವರು ಹಳೆಯದನ್ನು ಪೂರ್ತಿ ಕಿತ್ತು, ಪಕಾಸಿ ತುದಿ ಪರೀಕ್ಷಿಸಿ, ಪಕಾಸಿಗೇ ನೇರವಾಗಿ ದಪ್ಪ ಹಲಗೆ ಬಡಿಯುವ ಲೆಕ್ಕ ಹಾಕಿದ್ದರು. ಎರಡನೆಯವರದೂ ಕಿತ್ತು ಹಾಕುವ ಲೆಕ್ಕವೇ, ಆದರೆ ಜೊತೆಗೆ ಎಲೆತಡೆಯುವ ಜಾಲರಿ, ಬಣ್ಣದ ಅಂಚುಪಟ್ಟಿ, ನಾನು ಕೇಳದ ಇನ್ನೆರಡು ಅಲಂಕಾರ ಸೇರಿಕೊಂಡಿದ್ದವು.

ಅಂದರೆ ನನ್ನ ಕೈಯಲ್ಲಿದ್ದದ್ದು ಒಂದು ಕೆಲಸಕ್ಕೆ ಮೂರು ದರ ಅಲ್ಲ, ಮೂರು ಕೆಲಸಕ್ಕೆ ಒಂದೊಂದು ದರ. ತಪ್ಪು ಅವರದಲ್ಲ. "ಬಂದು ನೋಡಿ, ಎಷ್ಟಾಗುತ್ತೆ ಹೇಳಿ" ಅಂದವಳು ನಾನು. ಏನು ಆಗಬೇಕು ಅಂತ ನಾನು ಹೇಳಿಯೇ ಇರಲಿಲ್ಲ.

ಆ ಭಾನುವಾರ ನಾನೂ ತಮ್ಮನೂ ಟೇಪ್ ಹಿಡಿದು ಅಳೆದೆವು. ಮುಂದೆ 11 ಮೀಟರ್, ಹಿಂದೆ 11 ಮೀಟರ್ ಗಟರ್. ಮುಂದಿನ ಇಳಿಜಾರು ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತದೆ ಅಂತ ಲೆಕ್ಕ ಹಾಕಿದರೆ ಸುಮಾರು 60 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗಂಟೆಗೆ 75 ಮಿಲಿಮೀಟರ್ ವೇಗದ ಜಡಿಮಳೆ ಹತ್ತು ನಿಮಿಷ ಹೊಡೆದರೂ ಸಾಕು, ಆ ಹೊತ್ತಿನಲ್ಲಿ ಮುಂದಿನ ಗಟರಿಗೆ ನಿಮಿಷಕ್ಕೆ 75 ಲೀಟರ್ ಬರುತ್ತದೆ. ಹದಿನೈದು ಲೀಟರಿನ ಬಕೆಟ್ ಹನ್ನೆರಡು ಸೆಕೆಂಡಿಗೊಮ್ಮೆ ತುಂಬುವಷ್ಟು! ಇಷ್ಟೂ ನೀರು ಒಂದು ಮೂಲೆಯಲ್ಲಿದ್ದ ಒಂದೇ ಪೈಪಿನಲ್ಲಿ ಇಳಿಯಬೇಕಿತ್ತು. ಅದೂ 11 ಮೀಟರ್ ಓಡಿ ಬಂದು.

ಈ ಲೆಕ್ಕವನ್ನು ಮೂರನೆಯವರಿಗೆ ತೋರಿಸಿದಾಗ ಅವರು ಮೊದಲ ಸಲ ನಕ್ಕರು. "ಪೈಪನ್ನ ಮೂಲೆಯಿಂದ ಮಧ್ಯಕ್ಕೆ ತನ್ನಿ ಮೇಡಂ, ಎರಡೂ ಕಡೆಯಿಂದ ಅರ್ಧರ್ಧ ನೀರು ಬರುತ್ತೆ. ಅದೇ ಗಟರ್ ಹೆಚ್ಚುಕಡಿಮೆ ಎರಡರಷ್ಟು ನೀರು ತಾಳುತ್ತೆ. ದೊಡ್ಡ ಸೈಜಿನ ಗಟರ್ ಬೇಕಾಗಿಲ್ಲ." ಹಾಗೆ ಮಾಡಿದರೆ ವಾಟವೂ, ಅಂದರೆ ನೀರು ಹರಿಯಲು ಗಟರಿಗೆ ಕೊಡುವ ಇಳಿತವೂ, ಒಟ್ಟಿನಲ್ಲಿ ಅರ್ಧ ಸಾಕು. ಮೀಟರಿಗೆ ಮೂರು ಮಿಲಿಮೀಟರ್ ವಾಟ ಅಂತ ಹಿಡಿದರೆ 11 ಮೀಟರಿಗೆ 33 ಮಿಲಿಮೀಟರ್ ಇಳಿಯಬೇಕು, ಕೊನೆಗೆ ಬರುವಷ್ಟರಲ್ಲಿ ಗಟರ್ ಹೆಂಚಿನ ಅಂಚಿನಿಂದ ದೂರವಾಗಿ ನೀರು ಅದರಾಚೆ ಹಾರುತ್ತದೆ. ಮಧ್ಯದಿಂದಾದರೆ ಆ ಇಳಿತ 17 ಮಿಲಿಮೀಟರಿಗೆ ಮುಗಿಯುತ್ತದೆ. ದೊಡ್ಡ ಗಟರ್ ಮಾರುವ ಅವಕಾಶ ತಾವಾಗಿಯೇ ಬಿಟ್ಟುಕೊಟ್ಟರಲ್ಲ, ಅಲ್ಲಿಗೆ ಅವರ ಮೇಲೆ ನನಗೆ ನಂಬಿಕೆ ಬಂತು ಅಂತ ಈಗ ಅನ್ನಿಸುತ್ತದೆ. ಆದರೂ ಬಾಯಿಬಿಡಲಿಲ್ಲ.

ಒಂದು ಪುಟ ಬರೆದೆ. ಹಳೇ ಹಲಗೆ ಪೂರ್ತಿ ಕಿತ್ತು ಸಾಗಿಸಬೇಕು. ಫೇಸಿಯಾ ದಪ್ಪ ಎಷ್ಟು, ಯಾವ ವಸ್ತು, ಬರೆಯಬೇಕು. ಸ್ಕ್ರೂ ಸ್ಟೇನ್‌ಲೆಸ್ ಆಗಿರಬೇಕು. ಗಟರಿನ ಬ್ರಾಕೆಟ್ ಎಷ್ಟು ಅಂತರಕ್ಕೆ ಒಂದು, ಬರೆಯಬೇಕು (ಹಳೆಯವು ಒಂದೂಕಾಲು ಮೀಟರಿಗೆ ಒಂದಿದ್ದವು, ಪ್ಲಾಸ್ಟಿಕ್ ಗಟರಿಗೆ ಒಂದು ಮೀಟರಿಗಿಂತ ಹತ್ತಿರ ಇರಲೇಬೇಕು, ಅತ್ತೆಯ ಕಣ್ಣು ಮಂಜಾಗಿರಲಿಲ್ಲ). ಸಾಫಿಟ್‌ನಲ್ಲಿ ಗಾಳಿಕಿಂಡಿ ಇರಬೇಕು. ಸಾರವೆ ಯಾರದು, ಅದರ ಬಾಡಿಗೆ ಇದರಲ್ಲಿ ಸೇರಿದೆಯೋ ಇಲ್ಲವೋ. ಕಸ ಯಾರು ಒಯ್ಯುತ್ತಾರೆ. ತೆರಿಗೆ ಸೇರಿದೆಯೋ. ಕೊನೆಗೆ, ಕಿತ್ತ ಮೇಲೆ ಪಕಾಸಿ ತುದಿ ಕೊಳೆತಿದ್ದರೆ ಒಂದೊಂದಕ್ಕೆ ಎಷ್ಟು.

ಈ ಕೊನೆಯ ಸಾಲೇ ಇಡೀ ಪುಟದ ಜೀವ. ಹಲಗೆ ಕಿತ್ತ ಮೇಲಷ್ಟೇ ಕಾಣುವ ಮರಕ್ಕೆ ಯಾವ ಪ್ರಾಮಾಣಿಕ ಬಡಗಿಯೂ ಮೊದಲೇ ಖಚಿತ ಮೊತ್ತ ಹೇಳಲಾರ. ಹೇಳಿದರೆ ಒಂದೋ ಭಯಕ್ಕೆ ಜಾಸ್ತಿ ಸೇರಿಸಿರುತ್ತಾನೆ, ಇಲ್ಲವೋ ಮನೆ ಮೇಲ್ಗಡೆ ಬಿಚ್ಚಿಟ್ಟು "ಅಮ್ಮ, ಇಲ್ಲೊಂದು ಸಮಸ್ಯೆ ಇದೆ" ಅಂತ ಬರುತ್ತಾನೆ. ಆಗ ಚೌಕಾಸಿ ಮಾಡುವ ಸ್ಥಿತಿಯಲ್ಲಿ ನಾವಿರುವುದಿಲ್ಲ. ಮೊತ್ತ ಬೇಡ, ಒಂದಕ್ಕಿಷ್ಟು ಅನ್ನುವ ದರ ಮೊದಲೇ ಬರೆಸಿಕೊಂಡರೆ ಇಬ್ಬರಿಗೂ ಕ್ಷೇಮ. ಜೊತೆಗೆ, ಕೊಳೆತದ್ದರ ಫೋಟೋ ತೋರಿಸಿದ ಮೇಲೇ ಬದಲಾಯಿಸಬೇಕು ಅಂತಲೂ ಸೇರಿಸಿದೆ.

ಪುಟವನ್ನು ಮೂವರಿಗೂ ಕಳಿಸಿದೆ.

ಮೊದಲನೆಯವರು ಬೇಸರ ಮಾಡಿಕೊಂಡರು. "ಇಷ್ಟೆಲ್ಲ ಬರೆದುಕೊಟ್ಟು ಯಾರೂ ಕೆಲಸ ಮಾಡಲ್ಲ" ಅಂದರು, ಆದರೂ ಹೊಸ ದರ ಕೊಟ್ಟರು: 100 ಇದ್ದದ್ದು 133. ಎರಡನೆಯವರ 165, ಅಲಂಕಾರ ಕಳಚಿದ ಮೇಲೆ 148. ಮೂರನೆಯವರು ಪೈಪ್ ಜಾಗ ಬದಲಿಸುವ ಕೆಲಸ ಸೇರಿಸಿ 143. ನೂರಕ್ಕೂ 165ಕ್ಕೂ ನಡುವಿನ ಕಂದಕ ಮಾಯವಾಗಿ ಎಲ್ಲರೂ ಒಂದೇ ಬೀದಿಗೆ ಬಂದು ನಿಂತಿದ್ದರು.

ಎರಡನೆಯವರು ಆಮೇಲೆ ಫೋನ್ ಮಾಡಿ, ಇವತ್ತು ಸಂಜೆಯೊಳಗೆ ಹೂಂ ಅಂದರೆ 120ಕ್ಕೆ ಮಾಡಿಕೊಡುತ್ತೇವೆ, ನಾಳೆಗೆ ಈ ದರ ಇಲ್ಲ ಅಂದರು. ಸಂಜೆಗೆ 120 ಆಗುವ ಕೆಲಸ ಬೆಳಿಗ್ಗೆ 148 ಯಾಕಿತ್ತು ಅಂತ ಕೇಳಿದೆ. ಸ್ಕೀಮು ಮೇಡಂ ಅಂದರು. ನನಗೆ ಸ್ಕೀಮು ಅಂದರೆ ಅಲರ್ಜಿ.

ಮೊದಲನೆಯವರಿಗೂ ಮೂರನೆಯವರಿಗೂ ಉಳಿದದ್ದು ಹತ್ತರ ವ್ಯತ್ಯಾಸ. ಅದನ್ನು ಗ್ಯಾರಂಟಿ ತೀರ್ಮಾನಿಸಿತು. ಇಬ್ಬರೂ "ಹತ್ತು ವರ್ಷ ಗ್ಯಾರಂಟಿ" ಅಂದಿದ್ದರು. ಕೆದಕಿದರೆ ಮೊದಲನೆಯವರ ಹತ್ತು ವರ್ಷ ಕಂಪನಿ ಹಲಗೆಗೆ ಕೊಡುವುದು. ಬಣ್ಣ ಮಾಸಿದರೆ, ಬಿರುಕು ಬಿಟ್ಟರೆ ಅಷ್ಟೇ. ಜಾಯಿಂಟ್ ಸೋರಿದರೆ? ಅದು ಬರಲ್ಲ. ಗಟರಿನಲ್ಲಿ ಸೋರುವುದು ಜಾಯಿಂಟೇ ತಾನೇ? ಮೂರನೆಯವರು ಕೂಲಿಕೆಲಸಕ್ಕೆ ಎರಡೇ ವರ್ಷ ಬರೆದುಕೊಟ್ಟರು, ಆದರೆ ಸೋರಿಕೆಯೂ ಸೇರಿ ಅಂತ ಬರೆದುಕೊಟ್ಟರು. ಅವರು ಇತ್ತೀಚೆಗೆ ಮಾಡಿದ ಎರಡು ಮನೆ ನೋಡಲು ಹೋದೆ. ಒಂದು ಕಡೆ ಮನೆಯವರು ಇರಲಿಲ್ಲ, ರಸ್ತೆಯಿಂದಲೇ ಗಟರಿನ ಗೆರೆ ನೋಡಿ ಬಂದೆ. ಇನ್ನೊಂದು ಕಡೆ ಅಜ್ಜಿಯೊಬ್ಬರು "ಕೆಲಸ ಚೆನ್ನಾಗಿದೆ, ಆದರೆ ಹೇಳಿದ ದಿನಕ್ಕೆ ಬರಲ್ಲ" ಅಂದರು. ಅದು ನಿಜವೂ ಆಯಿತು, ಐದು ದಿನ ತಡ.

ಕೆಲಸ ಮೂರನೆಯವರಿಗೇ ಕೊಟ್ಟು, ದುಡ್ಡನ್ನು ನಾಲ್ಕು ಕಂತು ಮಾಡಿಕೊಂಡೆವು: ಸ್ವಲ್ಪ ಮುಂಗಡ, ಸಾಮಾನು ಮನೆಗೆ ಬಂದಾಗ ಒಂದು ಪಾಲು, ಕೆಲಸ ಮುಗಿದಾಗ ದೊಡ್ಡ ಪಾಲು, ಹತ್ತನೇ ಒಂದು ಭಾಗ ಮೊದಲ ದೊಡ್ಡ ಮಳೆ ಕಳೆದ ಮೇಲೆ. ಈ ಕಡೆಯದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ಬರದೇ ಹೋದರೆ?" ಅಂದರು. ನ್ಯಾಯವಾದ ಪ್ರಶ್ನೆ. ಎರಡು ತಿಂಗಳೊಳಗೆ ಮಳೆ ಬರದಿದ್ದರೆ ಪೈಪಿನಲ್ಲಿ ನೀರು ಬಿಟ್ಟು ನೋಡಿ ಕೊಡುವುದು ಅಂತ ಬರೆದುಕೊಂಡೆವು.

ಹಲಗೆ ಕಿತ್ತ ದಿನ ಹದಿನೆಂಟು ಪಕಾಸಿಯಲ್ಲಿ ಮೂರರ ತುದಿ ಹೋಗಿತ್ತು. ಫೋಟೋ ಬಂತು, ದರ ಪುಟದಲ್ಲಿತ್ತು, ಮೂರು ಸಲ ಗುಣಿಸಿದೆ, ಮಾತು ಮುಗಿಯಿತು. ಹಿಂದಿನ ಸಾಫಿಟ್ ಹಳೇ ಸಿಮೆಂಟ್ ಶೀಟಿನದು. ಮೂರನೆಯವರ ಹುಡುಗ ಸುತ್ತಿಗೆ ಎತ್ತಿದಾಗ ಅವರೇ ಕೂಗಿ ನಿಲ್ಲಿಸಿದರು. ಆ ಕಾಲದ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಡೆದರೆ ಹುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಪರೀಕ್ಷೆಗೆ ತುಣುಕು ಕಳಿಸಿ ಉತ್ತರ ಬರುವವರೆಗೆ ಹಿಂದಿನ ಭಾಗ ಮುಟ್ಟಲಿಲ್ಲ. ಇದು ನನ್ನ ಪುಟದಲ್ಲಿ ಇರಲೇ ಇಲ್ಲ. ಪರೀಕ್ಷೆಯ ಖರ್ಚು ನಾನೇ ಕೊಟ್ಟೆ. ಪುಣ್ಯಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಗಟರ್ ಕೂರಿಸುವಾಗ ನಾನು ಏಣಿ ಪಕ್ಕ ನಿಂತು ನೋಡುತ್ತಿದ್ದೆ. ಜಾಯಿಂಟಿನ ಒಳಗೆ ಒಂದು ಗೆರೆ ಇರುತ್ತದೆ. ಗಟರನ್ನು ಅಲ್ಲಿಯವರೆಗೆ ಮಾತ್ರ ತೂರಿಸಬೇಕು, ಒತ್ತಿ ಕೊನೆಯವರೆಗೆ ತಳ್ಳಬಾರದು. ನಾಲ್ಕು ಮೀಟರಿನ ಪಿವಿಸಿ ತುಂಡು, ಚಳಿಗೂ ಬಿಸಿಲಿಗೂ ನಡುವೆ ಮೂವತ್ತು ಡಿಗ್ರಿ ವ್ಯತ್ಯಾಸವಾದರೆ ಏಳು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಬಾಗುತ್ತದೆ, ಕುಗ್ಗುವಾಗ ರಬ್ಬರಿನಿಂದ ಕಳಚಿಕೊಳ್ಳುತ್ತದೆ. ನಮ್ಮ ಹಳೇ ಗಟರಿನ ಕಥೆಯೂ ಅದೇ. ಬಿಸಿಲೇರಿದಾಗ ಮಾಡಿನ ಮೇಲೆ ಕೇಳುತ್ತಿದ್ದ ಟಕ್ ಟಕ್ ಶಬ್ದಕ್ಕೆ ನಾವು ಅಳಿಲಿನ ಮೇಲೆ ಗೂಬೆ ಕೂರಿಸಿದ್ದೆವು.

ಮಳೆಗೆ ಕಾಯುವ ತಾಳ್ಮೆ ಅತ್ತೆಗಿರಲಿಲ್ಲ. ಕೆಲಸದವರು ಹೊರಡುವ ಮೊದಲೇ ತಮ್ಮನ ಕೈಗೆ ಬಕೆಟ್ ಕೊಟ್ಟು ಏಣಿ ಹತ್ತಿಸಿದರು. ಎರಡೂ ತುದಿಗೆ ಒಂದೊಂದು ಬಕೆಟ್ ನೀರು ಸುರಿದು, ಮಧ್ಯದ ಪೈಪಿನ ಕೆಳಗೆ ನಾನು ಟಬ್ ಹಿಡಿದೆ. ಎಡಗಡೆಯದು ಸರಸರ ಬಂತು. ಬಲಗಡೆಯದರಲ್ಲಿ ಎರಡನೇ ಬ್ರಾಕೆಟ್ಟಿನ ಹತ್ತಿರ ಅಂಗೈಯಗಲ ನೀರು ನಿಂತೇ ಇತ್ತು. ಮೂರನೆಯವರು ರಸಮಟ್ಟ ಇಟ್ಟು ನೋಡಿ, ಏನೂ ಮಾತಾಡದೆ ಬ್ರಾಕೆಟ್ ಬಿಚ್ಚಿ ನಾಲ್ಕು ಮಿಲಿಮೀಟರ್ ಮೇಲಕ್ಕೆ ಕಟ್ಟಿದರು.

ಕಡೆಯ ಕಂತು ಕೊಟ್ಟಿದ್ದು ಮೂರು ವಾರದ ನಂತರ, ರಾತ್ರಿಯಿಡೀ ಸುರಿದ ಮಳೆಯ ಮಾರನೇ ಬೆಳಿಗ್ಗೆ. ದುಡ್ಡು ಕಳಿಸಿ ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದು, "ಆ ಬಲಗಡೆ ಬ್ರಾಕೆಟ್ ಹತ್ರ ನೀರು ನಿಂತಿಲ್ಲ ತಾನೇ?" ಅಂತ.