ಒಡೆಯುತ್ತೆ, ಆದರೆ ಎಲ್ಲಿ?

ಸೋಮವಾರಪೇಟೆ
20 ಜುಲೈ 2025, ಭಾನುವಾರ

ಒಂದು ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಖಚಿತವಾಗಿ ಗೊತ್ತು. ಯಾವುದರಿಂದ ಭಾಗವಾಗುತ್ತೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಈ ಮಾತು ಅಕ್ಕನ ಮಗನ ಗಂಟಲಲ್ಲಿ ಇಳಿಯಲೇ ಇಲ್ಲ. "ಭಾಗಿಸಿ ನೋಡದೆ ಹೇಗೆ ಗೊತ್ತಾಗುತ್ತೆ ಮಾವ? ಸುಮ್ನೆ ಹೇಳ್ತೀರಾ" ಅಂದ. ಪಿಯುಸಿ ಓದುವ ಹುಡುಗ, ವಾದಕ್ಕೆ ಕಡಿಮೆ ಇಲ್ಲ. ಮಳೆ ಬಿಡುವ ಲಕ್ಷಣ ಇರಲಿಲ್ಲ, ಕರೆಂಟೂ ಇಲ್ಲ. ಕಾಗದ ಪೆನ್ನು ಹಿಡಿದು ಕೂತೆವು.

91 ತಗೊಂಡೆ. ಫ್ರಾನ್ಸಿನ ಗಣಿತಜ್ಞ ಫರ್ಮಾನ ನಿಯಮ ಹೇಳುವುದು ಇಷ್ಟು: 91 ಅವಿಭಾಜ್ಯವಾಗಿದ್ದರೆ, 2ರ ಘಾತ 90 (2ನ್ನು 90 ಸಲ ಬರೆದು ಗುಣಿಸಿದ್ದು) ಅನ್ನು 91ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಷ್ಟು ದೊಡ್ಡ ಗುಣಾಕಾರ ಬೇಕಾಗಿಲ್ಲ. 2ರ ಘಾತ 12 ಅಂದರೆ 4096. 91ನ್ನು 45ರಿಂದ ಗುಣಿಸಿದರೆ 4095. ಶೇಷ 1. ಹಾಗಾಗಿ 90ರಲ್ಲಿ ಏಳು ಹನ್ನೆರಡುಗಳು, ಅಂದರೆ 84, ಲೆಕ್ಕಕ್ಕೇ ಇಲ್ಲ, ಒಂದೊಂದೂ ಬರೀ 1 ಆಗುತ್ತೆ. ಉಳಿದದ್ದು 2ರ ಘಾತ 6, ಅಂದರೆ 64. ಶೇಷ 64, 1 ಅಲ್ಲ. ಮುಗೀತು, 91 ಸಂಯುಕ್ತ ಸಂಖ್ಯೆ. ಈ ಲೆಕ್ಕದಲ್ಲಿ 7 ಆಗಲಿ 13 ಆಗಲಿ ಎಲ್ಲೂ ಬರಲಿಲ್ಲ, ಅಲ್ವಾ? (ಶೇಷ 1 ಬಂದರೆ ಅವಿಭಾಜ್ಯವೇ ಅಂತ ನಂಬುವ ಹಾಗಿಲ್ಲ. 341 ಹಾಗೆ ಮೋಸ ಮಾಡುತ್ತೆ, ಅದು 11 × 31.)

ಒಲೆ ಮುಂದೆ ಕೂತಿದ್ದ ಅಮ್ಮ, "ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ. ಹಣ್ಣಾಗಿದೆ ಅಂತ ಗೊತ್ತಾಗುತ್ತೆ, ತೊಳೆ ಎಷ್ಟಿದೆ ಅಂತ ಗೊತ್ತಾಗಲ್ಲ" ಅಂದರು. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

2ರ ಘಾತ 67ರಿಂದ ಒಂದು ಕಳೆದರೆ 147573952589676412927. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಬರೆದಿದ್ದ. 1876ರಲ್ಲಿ ಗಣಿತಜ್ಞ ಲ್ಯೂಕಾಸ್ ಬೇರೊಂದು ಪರೀಕ್ಷೆ ಮಾಡಿ, ಇದು ಅವಿಭಾಜ್ಯ ಅಲ್ಲ ಅಂತ ತೋರಿಸಿದ. ಅಪವರ್ತನ ಅವನಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರ್ಯಾಂಕ್ ನೆಲ್ಸನ್ ಕೋಲ್ ಕೊಟ್ಟ: 193707721 × 761838257287. ಸಭೆಯಲ್ಲಿ ಒಂದು ಮಾತೂ ಆಡದೆ ಬೋರ್ಡಿನ ಮೇಲೆ ಗುಣಿಸಿ ತೋರಿಸಿ ಹೋಗಿ ಕೂತ ಅಂತ ಕಥೆ. ಎಷ್ಟು ನಿಜವೋ, ಕಥೆ ಮಾತ್ರ ಚೆನ್ನಾಗಿದೆ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಇನ್ನೊಂದು. ಈ ಸಂಖ್ಯೆಯ ಯಾವ ಅಪವರ್ತನವೇ ಆಗಲಿ, ಅದರಿಂದ 1 ಕಳೆದರೆ 67ರ ಎರಡರಷ್ಟು, ಅಂದರೆ 134, ಅದನ್ನು ಸರಿಯಾಗಿ ಭಾಗಿಸಬೇಕು. ಹುಡುಗ ನಂಬಲಿಲ್ಲ, ಫೋನ್ ತೆಗೆದ. 193707720 ಭಾಗಿಸು 134. ಬಂತು 1445580, ಒಂದು ಚೂರೂ ಉಳಿಯಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ವಾದ ಇರಲಿಲ್ಲ.

ಈಗಲೂ ಒಡೆಯದೆ ಕೂತಿರುವುದು 2ರ ಘಾತ 1277ರಿಂದ ಒಂದು ಕಳೆದ ಸಂಖ್ಯೆ. 385 ಅಂಕಿ. ಸಂಯುಕ್ತ ಅಂತ ಗೊತ್ತು, ಒಂದು ಅಪವರ್ತನವೂ ಸಿಕ್ಕಿಲ್ಲ. ಎಷ್ಟೋ ಕಂಪ್ಯೂಟರುಗಳು ಹುಡುಕಿ ಸೋತಿವೆ ಅಂದರೂ ಇವನು ಹಿಂದೆ ಸರಿಯಲಿಲ್ಲ. ಇಲ್ಲಿ 134ರ ಜಾಗದಲ್ಲಿ 2554. ಅದರ ಒಂದರಷ್ಟು, ಎರಡರಷ್ಟು, ಮೂರರಷ್ಟು, ಹೀಗೆ ಪ್ರತಿಯೊಂದಕ್ಕೂ 1 ಸೇರಿಸಿ ಪಟ್ಟಿ ಬರೆಯಲು ಶುರು ಮಾಡಿದ, ಅವಿಭಾಜ್ಯಗಳನ್ನು ಮಾತ್ರ ಉಳಿಸಿಕೊಂಡರೆ ಸಾಕು ಅಂತ ತಾನೇ ಕಂಡುಕೊಂಡ. 2555 ಹೊಡೆದುಹಾಕಿದ, ಐದರಿಂದ ಹೋಗುತ್ತೆ. 5109 ಹೊಡೆದುಹಾಕಿದ, ಮೂರರಿಂದ ಹೋಗುತ್ತೆ. ಈಗ 7663ರ ಹತ್ತಿರ ತಲೆ ಕೆರೆದುಕೊಳ್ಳುತ್ತಿದ್ದಾನೆ. 79 × 97 ಅಂತ ನಾನೇನೂ ಹೇಳಲು ಹೋಗಿಲ್ಲ.