ಕೌಟು ಕೊಬ್ಬರಿ ಎಣ್ಣೆ ಬಟ್ಟೆ ಸೋಪು, ಮೂರನೇ ಬ್ಯಾಚ್

ಇವತ್ತು ಮೂರನೇ ಬ್ಯಾಚ್ ಸೋಪಲ್ಲಿ ಮೊದಲ ಸಲ ಬಟ್ಟೆ ಒಗ್ದೆ. ಯಜಮಾನ್ರ ತೋಟದ ಪಂಚೆ, ಮಗನ ಯೂನಿಫಾರ್ಮ್ ಕಾಲರ್ರು ಎರಡೂ ಬೆಳ್ಳಗಾಗಿವೆ, ನಾಲ್ಕು ವಾರ ಕಾದಿದ್ದು ಸಾರ್ಥಕ.

ನಮ್ದು ತಿಪಟೂರು ಕಡೆ. ಅಟ್ಟದ ಮೇಲೆ ಹಾಕಿದ ಕಾಯಿ ಉಂಡೆ ಕೊಬ್ಬರಿ ಆಗಕ್ಕೆ ಹತ್ತತ್ರ ವರ್ಷ ಹಿಡಿಯತ್ತೆ, ಸುಲಿದಾಗ ಒಂದಷ್ಟು ಕೌಟು, ಅಂದ್ರೆ ಕೆಟ್ಟು ವಾಸನೆ ಬಂದವು, ಇದ್ದೇ ಇರ್ತವೆ, ಈ ಸಲ ಅವನ್ನೆಲ್ಲ ಗಾಣಕ್ಕೆ ಹಾಕಿಸಿದ್ವಿ, ಆ ಎಣ್ಣೆ ಅಡುಗೆಗಂತೂ ಬರಲ್ಲ, ಆದ್ರೆ ಬಟ್ಟೆ ಸೋಪಿಗೆ ಏನೂ ತೊಂದ್ರೆ ಇಲ್ಲ.

ಲೆಕ್ಕ ಇಷ್ಟು: ಎಣ್ಣೆ 1 ಕೆಜಿ, ಕಾಸ್ಟಿಕ್ ಸೋಡಾ 178 ಗ್ರಾಂ, ನೀರು 400 ಗ್ರಾಂ. ಪೂರ್ತಿ ಎಣ್ಣೆ ಸೋಪಾಗ್ಬೇಕು ಅಂದ್ರೆ 183 ಗ್ರಾಂ ಸೋಡಾ ಬೇಕು, ಕೈ ಉರೀಬಾರ್ದು ಅಂತ ಸ್ವಲ್ಪ ಕಮ್ಮಿ ಹಾಕಿದೀನಿ. ತೂಕದ ಮೆಷಿನ್ ಇಲ್ದೆ ಯಾರೂ ಇದಕ್ಕೆ ಕೈ ಹಾಕ್ಬೇಡಿ. ಯಾವಾಗ್ಲೂ ನೀರಿಗೆ ಸೋಡಾ ಹಾಕ್ಬೇಕು, ಸೋಡಾಕ್ಕೆ ನೀರು ಹುಯ್ಯಬಾರ್ದು, ಕುದ್ದು ಮುಖಕ್ಕೇ ಸಿಡಿಯತ್ತೆ. ಗ್ಲೌಸು, ಕನ್ನಡಕ ಬೇಕೇ ಬೇಕು, ಮಕ್ಕಳು ಹತ್ರ ಇರ್ಬಾರ್ದು, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸ್ಟೀಲೇ ಆಗ್ಬೇಕು. ಆ ಸೋಡಾ ನೀರನ್ನ ಎಣ್ಣೆಗೆ ಹುಯ್ದು ಕಡೆಗೋಲಲ್ಲಿ ಕಡೀತಾ ಕಡೀತಾ ದೋಸೆ ಹಿಟ್ಟಿನ ಹದ ಬಂತು, ಹಾಲಿನ ಖಾಲಿ ಡಬ್ಬಕ್ಕೆ ಹುಯ್ದೆ.

ಎರಡನೇ ಬ್ಯಾಚ್ ಹಾಳಾಗಿದ್ದು ಕತ್ತರಿಸೋ ಹೊತ್ತಲ್ಲಿ. ಬರೀ ಕೊಬ್ಬರಿ ಎಣ್ಣೆ ಸೋಪು ಬೇಗ ಕಲ್ಲಾಗ್ಬಿಡತ್ತೆ, ನಾನು ಒಂದಿನ ಪೂರ್ತಿ ಬಿಟ್ಟು ಚಾಕು ಇಟ್ರೆ ಬೆಲ್ಲದ ಅಚ್ಚು ಒಡೆದಂಗೆ ಪುಡಿಪುಡಿ. ಈ ಸಲ ಬೆಳಿಗ್ಗೆ ಹುಯ್ದು ಸಂಜೆ ಬೆಚ್ಚಗಿರೋವಾಗ್ಲೇ ಕೊಯ್ದೆ, ಹನ್ನೆರಡು ಬಿಲ್ಲೆ ಬಂದ್ವು, ಅಂಚು ಕೂಡ ಮುರೀಲಿಲ್ಲ. ಆ ಪುಡಿನೂ ದಂಡ ಆಗ್ಲಿಲ್ಲ, ವಾಷಿಂಗ್ ಸೋಡಾ ಜೊತೆ ಬೆರೆಸಿ ನೆನೆಹಾಕೋಕೆ ಬಳಸ್ತಿದೀನಿ. ನಮ್ಮ ಬೋರ್ ನೀರು ಗಡಸು, ಬರೀ ಸೋಪಾದ್ರೆ ಬಟ್ಟೆ ಮೇಲೆ ಬೂದು ಜಿಡ್ಡು ಕೂರತ್ತೆ, ವಾಷಿಂಗ್ ಸೋಡಾ ಹಾಕಿದ್ರೆ ಅದು ಕಮ್ಮಿ ಆಗತ್ತೆ.

ಈ ಲೆಕ್ಕದ ನೋಟ್‌ಬುಕ್ಕಲ್ಲೇ ಹಿಂದಿನ ಪುಟದಿಂದ ಇನ್ನೊಂದು ಲೆಕ್ಕ ಬರೀತಿದೀನಿ. ದಿನಾ ಮಲಗೋ ಮುಂಚೆ, ಅವತ್ತು ಯಾರ ಋಣ ಬಿತ್ತು ಅಂತ ಒಂದು ಸಾಲು. ಕೌಟು ಎಣ್ಣೆ ಅಂತ ಬೇಜಾರು ಮಾಡ್ಕೊಳ್ದೆ ಕೊನೇಲಿ ಬೇರೆ ಮಾಡಿ ಆಡಿಸಿಕೊಟ್ಟ ಗಾಣದವ್ರು. ಕಾಯಿ ಸುಲಿಯೋಕೆ ಬಂದಿದ್ದ ಇಬ್ಬರು. ಇವತ್ತಿಂದು ಅತ್ತೆಗೆ.

ಅತ್ತೆ ಮದುವೆಯಾಗಿ ಬಂದ ಹೊಸದ್ರಲ್ಲಿ ಒಲೆ ಬೂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ತಿಳಿ ಬಸ್ಕೊಂಡು ಅದ್ರಲ್ಲೇ ಮನೆಮಂದಿ ಬಟ್ಟೆ ಒಗೀತಿದ್ರಂತೆ, ರೇಷ್ಮೆ ಸೀರೆಗೆ ಮಾತ್ರ ಅಂಟುವಾಳ. ಬೂದಿನೀರಲ್ಲಿರೋದೂ ಕ್ಷಾರನೇ, ಕಾಸ್ಟಿಕ್‌ನಷ್ಟು ಖಾರ ಅಲ್ಲ ಅಷ್ಟೇ. ಇಷ್ಟು ವರ್ಷ ಅದೇ ಮನೇಲಿದ್ದು ನಾನು ಇದನ್ನ ಕೇಳೇ ಇರ್ಲಿಲ್ಲ. ಇವತ್ತು ಒಗೆಯೋ ಕಲ್ಲಿನ ಹತ್ರ ಅವರ ಕೈ ಸರಿಯಾಗಿ ನೋಡ್ದೆ, ಬೆರಳ ತುದಿ ನುಣ್ಣಗೆ ಸವೆದಿದೆ, ಬೂದಿನೀರಿಂದ ಅಂತ ಅವ್ರೇ ಹೇಳಿದ್ರು. ಬಿಲ್ಲೆ ತಗೊಂಡು ಮೂಸಿ, ಸೆರಗಿನ ತುದೀಲಿದ್ದ ಸಾರಿನ ಕಲೆಗೆ ತಿಕ್ಕಿ, "ನೊರೆ ಚೆನ್ನಾಗ್ ಬರ್ತದೆ ಕಣಮ್ಮ, ಇನ್ನೆರಡು ನನ್ ಟ್ರಂಕಿನ ಮೇಲಿಡು" ಅಂದ್ರು.

ಇಟ್ಟಿದೀನಿ. ಎರಡು ಗಾಣದವ್ರಿಗೆ ಎತ್ತಿಟ್ಟೆ. ಮುಂದಿನ ಬ್ಯಾಚಿಗೆ ಅರ್ಧ ಹೊಂಗೆ ಎಣ್ಣೆ, ಅದಕ್ಕೆ ಸೋಡಾದ ಲೆಕ್ಕ ಬೇರೆ, ಹಾಕಿ ನೋಡಿ ಬರೀತೀನಿ.