ಮುಳ್ಳಿಲ್ಲದ ದೊಡ್ಡ ಗಡಿಯಾರ

ಜನವರಿಯ ಒಂದು ಭಾನುವಾರ. ಬೆಳಿಗ್ಗೆ ಏಳೂವರೆಗೆಲ್ಲ ಮೈಸೂರಿನ ಪುರಭವನದ ಹತ್ತಿರ ಮಡಚೋ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ ನಮ್ಮ ಮೇಷ್ಟ್ರು. ಊರಿನ ಬೀದಿ, ಕೆರೆ, ಮರಗಳನ್ನೇ ಜೀವನಪೂರ್ತಿ ಜಲವರ್ಣದಲ್ಲಿ ಬರೆದವರು. ನಾನು ಅವರ ಹತ್ತಿರ ಸೇರಿ ಆರು ತಿಂಗಳಾಗಿತ್ತಷ್ಟೆ.

ಪುರಭವನದ ಕಂಬಗಳು, ದೊಡ್ಡ ಗಡಿಯಾರ ಎರಡೂ ಒಂದೇ ಹಾಳೆಯಲ್ಲಿ ಬರಬೇಕು ಅನ್ನೋದು ನನ್ನ ಆಸೆ. ಪುರಭವನ 1884ರದ್ದು, ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. ಗಡಿಯಾರ ಬಂದದ್ದು 1927ರಲ್ಲಿ. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿತು ಅಂತ ಅರಮನೆ ನೌಕರರು ಕಟ್ಟಿಸಿದ 75 ಅಡಿ ಗೋಪುರ. ಮಾರ್ಕೆಟ್ ಹತ್ತಿರದ ಚಿಕ್ಕ ಗಡಿಯಾರ ಇದಕ್ಕಿಂತ ಮುಂಚಿನದು. ಅಂದರೆ ವಯಸ್ಸಿನಲ್ಲಿ ಚಿಕ್ಕದೇ ದೊಡ್ಡದು!

ಮೇಷ್ಟ್ರು ಮೊದಲು ನೆರಳು ಬರೆದರು. ಅಲ್ಟ್ರಾಮರೀನ್ ನೀಲಿಗೆ ಒಂಚೂರು ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಕಲಸಿ, ಕಂಬಗಳ ಸಂದಿಯಲ್ಲಿ ಒಂದೇ ಬೀಸು. ಕಂಬ ಬರೆಯಲೇ ಇಲ್ಲ, ಆದರೂ ಕಂಬ ಎದ್ದು ನಿಂತವು. ನಾನೂ ಅವರನ್ನು ನೋಡಿಕೊಂಡು ನೆರಳು ಹಾಕಿದೆ. ಬಿಸಿಲು ಏರೋ ಮುಂಚೆ ಅದನ್ನು ಹಿಡಿದುಬಿಡಬೇಕು, ಆಮೇಲೆ ಅದು ನಿಲ್ಲೋದಿಲ್ಲ ಅಂದರು.

ಅಲ್ಲಿಂದ ಮುಂದೆ ನಾನು ಕೆಟ್ಟೆ. ಈ ಗಡಿಯಾರದ ಅಂಕಿಗಳು ಕನ್ನಡದವು, ನನಗೆ ಅದೇ ಮೋಹ. ಜೀರೋ ನಂಬರ್ ಬ್ರಷ್ ತೆಗೆದುಕೊಂಡು, ಉಸಿರು ಬಿಗಿಹಿಡಿದು, ೧ರಿಂದ ೧೨ರವರೆಗೂ ಒಂದನ್ನೂ ಬಿಡದೆ ಬರೆದೆ. ೬ ಎರಡು ಸಲ ತಪ್ಪಿತು. ಕೆಳಗಿನಿಂದ ನೋಡುವಾಗ ಮುಖ ಮೊಟ್ಟೆಯಾಕಾರಕ್ಕೆ ಬರುತ್ತೆ ಅನ್ನೋದನ್ನೇ ಮರೆತು ಬಟ್ಟಲಿನಷ್ಟು ದುಂಡಗೆ ಬರೆದಿದ್ದೆ. ಗೋಪುರಕ್ಕೆ ಸ್ಟಿಕ್ಕರ್ ಅಂಟಿಸಿದ ಹಾಗಿತ್ತು.

ಮೇಷ್ಟ್ರ ಹಾಳೆಯಲ್ಲಿ ಅಂಕಿಗಳು ಅಂದರೆ ಹಾಗೇ ಬಿಟ್ಟ ಬಿಳಿ ಕಾಗದದ ಅಂಚಿಗೆ ನಾಲ್ಕೈದು ಚುಕ್ಕಿ. ಅಷ್ಟೇ. ಆದರೂ ಅದು ಕನ್ನಡದ ಅಂಕಿ ಅನ್ನಿಸುತ್ತಿತ್ತು! ಹೇಗೆ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ.

ಕೊನೆಗೆ ಮುಳ್ಳು ಇಡಬೇಕಿತ್ತು. ತಲೆ ಎತ್ತಿ ನೋಡಿದೆ, ಒಂಬತ್ತೂ ಇಪ್ಪತ್ತು. ಹಾಗೇ ಇಟ್ಟೆ. ಆಗಲೇ ಹಿಂದೆ ಬಂದು ಟೀ ಹಿಡಿದು ನಿಂತಿದ್ದ ಆಟೋದವರೊಬ್ಬರು ಬಗ್ಗಿ ನೋಡಿದರು.

"ಚೆನ್ನಾಗಿದೆ ಮೇಡಂ. ಆದ್ರೆ ಒಂಬತ್ತೂ ಇಪ್ಪತ್ತಕ್ಕೆ ನೆರಳು ಇಷ್ಟುದ್ದ ಇರಲ್ಲ ಅಲ್ವಾ? ದಿನಾ ಇಲ್ಲೇ ನಿಲ್ಲಿಸ್ತೀನಿ, ನೆರಳು ನೋಡ್ಕೊಂಡೇ ಗಾಡಿ ಹಾಕೋದು."

ಮೇಷ್ಟ್ರು ಕನ್ನಡಕ ತೆಗೆದು ಜೋರಾಗಿ ನಕ್ಕರು. ಅವರ ಮುಳ್ಳು ಯಾವಾಗಲೋ ಏಳೂಮುಕ್ಕಾಲಿಗೆ ನಿಂತಿತ್ತು. ನೆರಳು ಹಾಕಿದ ಗಳಿಗೆಗೇ ಅದನ್ನೂ ಇಟ್ಟಿದ್ದರು.

ಒದ್ದೆ ಬ್ರಷ್‌ನಿಂದ ನನ್ನ ಮುಳ್ಳನ್ನು ಎತ್ತಲು ನೋಡಿದೆ. ಮುಳ್ಳಿನ ಜೊತೆ ೩, ೪, ೯ ಎಲ್ಲ ಕಲಸಿ ಬೂದು ಮೋಡದ ಹಾಗಾಯಿತು. ಮೇಷ್ಟ್ರು ನನ್ನ ಕೈ ಹಿಡಿದರು. "ಸಾಕು, ಇನ್ನು ಮುಟ್ಟಬೇಡ."

ಆ ಚಿತ್ರ ಈಗ ನಮ್ಮ ಮನೆ ಹಾಲ್‌ನಲ್ಲಿ ನಿಜವಾದ ಗಡಿಯಾರದ ಕೆಳಗೇ ಇದೆ. ಅಮ್ಮ ದಿನಾ ಒರೆಸುವಾಗ ಗಾಜಿನ ಮೇಲೆ ಆ ಬೂದು ಜಾಗವನ್ನೇ ಒಂದೆರಡು ಸಲ ಜಾಸ್ತಿ ಉಜ್ಜುತ್ತಾರೆ. ಒಳಗಿನದು ಅಂತ ನಾನಿನ್ನೂ ಹೇಳಿಲ್ಲ.